ದೇವರ ಬಲಗಡೆಯ ದೀಪ

ಆ ವರ್ಷ ಜೂನ್ ತಿಂಗಳಲ್ಲಿ ಭೀಮನಬೀಡಿನ ಸಿದ್ದಮಲ್ಲಪ್ಪನ ಮನೆಯಲ್ಲಿ ಯಾರಿಗೂ ನೆಟ್ಟಗೆ ಊಟ ಸೇರುತ್ತಿರಲಿಲ್ಲ, ಮಗಳು ರಂಜಿನಿಯೊಬ್ಬಳನ್ನು ಬಿಟ್ಟು. ಅವಳಿಗೆ ಹಸಿವು ಇನ್ನೂ ಜಾಸ್ತಿಯಾಗಿತ್ತು. ಗುಂಡ್ಲುಪೇಟೆಯ ಕಾಲೇಜಿನಲ್ಲಿ ಎರಡನೇ ಪಿಯುಸಿ ಸೈನ್ಸ್ ಫಸ್ಟ್ ಕ್ಲಾಸಿನಲ್ಲಿ ಪಾಸಾಗಿದ್ದಳು. ಮುಂದೇನು ಎಂಬುದಕ್ಕೆ ಮನೆಯಲ್ಲಿ ಎರಡು ಉತ್ತರಗಳಿದ್ದವು. ಒಂದು ಚಿಕ್ಕಪ್ಪ ಮಹದೇವಪ್ರಸಾದನದು: ಡಿ.ಎಡ್. ಇನ್ನೊಂದು ಅವಳದೇ: ಬಿ.ಎಸ್ಸಿ., ಅದರಲ್ಲೂ ಕೆಮಿಸ್ಟ್ರಿ ಇರುವ ಬಿ.ಎಸ್ಸಿ.

ಎರಡು ಸಾವಿರದ ಆರನೇ ಇಸವಿಯಲ್ಲಿ ಡಿ.ಎಡ್. ಎಂದರೇನೆಂದು ಆ ಸೀಮೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಎರಡು ವರ್ಷದ ಓದು, ಆಮೇಲೆ ಸರ್ಕಾರಿ ಪ್ರೈಮರಿ ಶಾಲೆ, ತಿಂಗಳು ತಿಂಗಳಿಗೆ ಸಂಬಳ, ಸಂಬಳದ ಹಿಂದೆಯೇ ಒಳ್ಳೆಯ ಕಡೆಯ ಗಂಡು. ರಂಜಿನಿಗೆ ಚಾಮರಾಜನಗರದಲ್ಲಿ ಡಿ.ಎಡ್. ಸೀಟು ಸಿಕ್ಕೂ ಆಗಿತ್ತು. ಸಿಕ್ಕಿದ ಸೀಟಿನ ಎದುರು ನಿಂತು ಒಲ್ಲೆ ಎನ್ನುವ ಹುಡುಗಿಯನ್ನು ಊರು ಅಲ್ಲಿಯವರೆಗೆ ನೋಡಿರಲಿಲ್ಲ.

ಮಹದೇವಪ್ರಸಾದ ಚಾಮರಾಜನಗರದ ಒಂದು ಕಚೇರಿಯಲ್ಲಿ ಗುಮಾಸ್ತ. ಸಿದ್ದಮಲ್ಲಪ್ಪನ ತಮ್ಮ. ಮನೆಯಲ್ಲಿ ಸಂಬಳದ ರುಚಿ ಕಂಡವನು ಅವನೊಬ್ಬನೇ ಆದ್ದರಿಂದ ಅವನ ಮಾತಿಗೆ ತೂಕವಿತ್ತು.

"ನೋಡಮ್ಮಿ," ಎನ್ನುತ್ತಿದ್ದ ಅವನು, "ಡಿ.ಎಡ್. ಅಂದ್ರ ಕೊಟ್ಟಿಗೇಲಿ ಕಟ್ಟಿರ ಹಸ. ಬಿ.ಎಸ್ಸಿ. ಅಂದ್ರ ಬಂಡೀಪುರದ ಕಾಡೊಳಗ ತಿರುಗ್ತಿರ ಹಸ. ಹಾಲು ಎರಡ್ರಲ್ಲೂ ಅದ. ಕಾಡಿಗೋಗಿ ಕರೆಯೋರ್ಯಾರು?"

"ಕಾಡಲ್ಲಿರದು ಹಸವೇ ಅಂತ ಯಾಕಂತೀಯ ಚಿಕ್ಕಪ್ಪ? ಕಡವೆ ಇರ್ಬೋದು."

"ಕಡವೆ ಹಾಲು ಕಾಸಿ ಕಾಫಿ ಮಾಡ್ಕೊಡ್ತೀಯಾ ನಂಗ?"

ಇಂಥ ವಾದದಲ್ಲಿ ಅವಳು ಸೋಲುತ್ತಿದ್ದಳು. ಆದರೆ ನಗುತ್ತ ಸೋಲುತ್ತಿದ್ದಳು, ಅದನ್ನೇ ಚಿಕ್ಕಪ್ಪನಿಗೆ ತಡೆಯಲಾಗುತ್ತಿರಲಿಲ್ಲ.

ಕೆಮಿಸ್ಟ್ರಿಯ ಹುಚ್ಚು ಅವಳಿಗೆ ಹಿಡಿದದ್ದು ಕಾಲೇಜಿನ ಲ್ಯಾಬಿನಲ್ಲಿ. ಬ್ಯೂರೆಟ್ಟಿನಿಂದ ಬಿದ್ದ ಒಂದು ಹನಿಗೆ ಫ್ಲಾಸ್ಕಿನ ನೀರೆಲ್ಲ ಗುಲಾಬಿಯಾದಾಗ ಅವಳು ಕಿರುಚಿಬಿಟ್ಟಿದ್ದಳು, ಲೆಕ್ಚರರು ಹಾವು ಬಂತೇನೋ ಎಂದು ಬೆಂಚಿನ ಮೇಲೆ ಹತ್ತಿದ್ದರು. ಆಮೇಲೆ ಮನೆಯಲ್ಲಿ ಅವಳಿಗೆ ಕೈ ಕಟ್ಟಿ ಕೂರಲಾಗಲಿಲ್ಲ. ದಾಸವಾಳದ ರಸವನ್ನು ಕಾಗದಕ್ಕೆ ಬಳಿದು, ಒಣಗಿಸಿ, ಚೂರು ಚೂರು ಮಾಡಿ, ಸಿಕ್ಕಿದ್ದಕ್ಕೆಲ್ಲ ಅದ್ದಿ ನೋಡಿದಳು. ಮಜ್ಜಿಗೆಗೆ ಕೆಂಪಾಯಿತು. ಬಟ್ಟೆ ಸೋಪಿಗೆ ಹಸಿರಾಯಿತು. ಎಮ್ಮೆಯ ಜೊಲ್ಲಿಗೆ ಏನಾಗುತ್ತದೆಂದು ನೋಡಲು ಹೋದಾಗ ಎಮ್ಮೆ ಕಾಗದವನ್ನೇ ತಿಂದಿತು.

ಇವೆಲ್ಲದರ ನಡುವೆ ಸಿದ್ದಮಲ್ಲಪ್ಪ ಮಾತಿಲ್ಲದೆ ಓಡಾಡುತ್ತಿದ್ದ. ತಮ್ಮ ಹೇಳುವುದು ನಿಜವೆಂದು ಅವನಿಗೆ ಗೊತ್ತಿತ್ತು. ಮಗಳ ಮುಖ ನೋಡಿದರೆ ಅದೂ ನಿಜವೆನ್ನಿಸುತ್ತಿತ್ತು. ಚೆಂಡುಹೂವಿನ ಹೊಲದಲ್ಲಿ ಕಳೆ ಕೀಳುತ್ತ ಕೀಳುತ್ತ ಗಿಡವನ್ನೇ ಕಿತ್ತಿಟ್ಟ ದಿನ ಅವನು ಮನೆಗೆ ಬಂದು ಹೇಳಿದ: "ನಂಗ ತಲ ಕೆಟ್ಟೋಯ್ತು. ಬಸಪ್ಪನ್ನೇ ಕೇಳ್ಬುಡನ."

ಊರ ಬಸಪ್ಪನ ಗುಡಿಯಲ್ಲಿ ಹೂವು ಕೇಳುವುದು ಹಿರಿಯರ ಕಾಲದಿಂದ ಬಂದ ಪದ್ಧತಿ. ಅರ್ಚಕ ಗುರುಸಿದ್ದಯ್ಯನವರು ಎರಡು ಕಣಗಿಲೆ ಹೂವುಗಳನ್ನು ನೀರಿನಲ್ಲಿ ಅದ್ದಿ, ಕಲ್ಲಿನ ಬಸಪ್ಪನ ಎರಡು ಭುಜಕ್ಕೂ ಒಂದೊಂದನ್ನು ಅಂಟಿಸುತ್ತಾರೆ. ಕೇಳುವವರು ಒಂದೇ ಮಾತಿನಲ್ಲಿ ಕೇಳಬೇಕು: ಇಂಥದ್ದನ್ನು ಮಾಡಲೇ? ದೇವರ ಬಲಗಡೆಯ ಹೂವು ಮೊದಲು ಬಿದ್ದರೆ ಮಾಡು ಎಂದರ್ಥ. ಎಡಗಡೆಯದು ಬಿದ್ದರೆ ಬೇಡ. ಒಮ್ಮೆ ಕೇಳಿದ್ದನ್ನು ಇನ್ನೊಮ್ಮೆ ಕೇಳುವಂತಿಲ್ಲ. ಚಾಮರಾಜನಗರದ ಎರಡೂ ಕಾಲೇಜಿಗೆ ದಾಖಲಾಗಲು ಮುಂದಿನ ಸೋಮವಾರ ಕೊನೆಯ ದಿನ. ಅಂದು ಬೆಳಿಗ್ಗೆ ಹೂವು ಕೇಳಿ, ಬಸಪ್ಪ ಏನು ಹೇಳುತ್ತಾನೋ ಅದರಂತೆ ಬಸ್ಸು ಹತ್ತುವುದೆಂದು ತೀರ್ಮಾನವಾಯಿತು.

ರಂಜಿನಿಗೆ ಮೊದಲು ಅಳು ಬಂತು. ಅಳು ಮುಗಿದ ಮೇಲೆ ಒಂದು ಪ್ರಶ್ನೆ ಬಂತು. ಹೂವು ಯಾಕೆ ಬೀಳುತ್ತದೆ?

ಹಿಡಿದಿರುವುದು ನೀರು. ನೀರು ಆರಿದರೆ ಬೀಳುತ್ತದೆ. ಹಾಗಾದರೆ ಯಾವ ಕಡೆ ಮೊದಲು ಆರುತ್ತದೆ? ಇಷ್ಟು ಹೊಳೆದದ್ದೇ ತಡ, ಅವಳ ಅಂಗಾಲು ಜುಮ್ಮೆಂದಿತು. ಮಾರನೆಯ ದಿನದಿಂದ ಗುಡಿಗೆ ಹೋಗತೊಡಗಿದಳು. ಅಜ್ಜಿ ಸೋಮಮ್ಮನಿಗೆ ಆನಂದವೋ ಆನಂದ.

"ಕೂಸಿಗ ಭಕ್ತಿ ಬಂತು ಕಣ ಸುಧಾಮಣಿ," ಎಂದು ಸೊಸೆಗೆ ಹೇಳಿದಳು. "ನೋಡು, ಎಂಗ್ ಕಣ್ಣು ಮಿಟುಕ್ಸದಂಗ ದೇವ್ರನ್ನ ನೋಡ್ತದ!"

ಕೂಸು ನೋಡುತ್ತಿದ್ದದ್ದು ದೀಪವನ್ನು. ಬಸಪ್ಪನ ಬಲಗಡೆ, ಭುಜಕ್ಕೆ ತಾಗುವಷ್ಟು ಹತ್ತಿರ, ದೊಡ್ಡ ಹಿತ್ತಾಳೆ ದೀಪ ಉರಿಯುತ್ತಿತ್ತು. ಎಡಗಡೆ ಅಭಿಷೇಕದ ನೀರು ತುಂಬಿದ ತಾಮ್ರದ ಬಿಂದಿಗೆ; ಆ ಕಡೆಯ ಕಲ್ಲು ಯಾವಾಗಲೂ ತಣ್ಣಗೆ, ಒದ್ದೆ ಒದ್ದೆ. ಆ ವಾರ ಊರಿನವರು ಬಂದು ಎಮ್ಮೆ ಕೊಳ್ಳಲೇ, ಮಗನಿಗೆ ಹೆಣ್ಣು ತರಲೇ, ಬೋರು ಕೊರೆಸಲೇ ಎಂದು ಕೇಳಿದರು. ಬಸಪ್ಪ ಒಬ್ಬರಿಗೂ ಬೇಡವೆನ್ನಲಿಲ್ಲ.

ಸಂಶಯ ಪಟ್ಟರೆ ಸಾಲದು, ಪರೀಕ್ಷಿಸಬೇಕು ಎಂದು ಅವಳ ಲೆಕ್ಚರರು ಹೇಳುತ್ತಿದ್ದರು. ರಂಜಿನಿ ಹಿತ್ತಿಲಿನ ಗುಂಡುಕಲ್ಲನ್ನು ತೊಳೆದು ನಿಲ್ಲಿಸಿದಳು. ಎರಡು ಬದಿಗೂ ಒದ್ದೆ ಕಣಗಿಲೆ ಅಂಟಿಸಿದಳು. ಒಂದು ಬದಿಗೆ ದೀಪ ಹಚ್ಚಿಟ್ಟು, ಇನ್ನೊಂದು ಬದಿಗೆ ನೀರಿನ ಕೊಡ ಇಟ್ಟು, ಮಂಡಿಗೆ ಗಲ್ಲ ಊರಿ ಕೂತಳು.

ಅವ್ವ ಸುಧಾಮಣಿ ಕಸದ ಮಂಕರಿ ಹಿಡಿದು ಬಂದವಳು ಹಾಗೇ ನಿಂತಳು. "ಏನಮ್ಮಿ ಇದು? ರುಬ್ಬುಗುಂಡಿಗ ಪೂಜೆ?"

"ಪೂಜೆ ಅಲ್ಲ ಕಣವ್ವ. ಪ್ರಯೋಗ."

"ಅದ್ರಲ್ಲಿ ನಾಳಕ್ಕ ದೋಸೆಗ ರುಬ್ಬುಬೇಕು ನಾನು. ನಿನ್ ಪ್ರಯೋಗ ಎಲ್ಲಾರ ಮೆತ್ಕಂಡಿದ್ರ ನೋಡು!"

ಅಷ್ಟರಲ್ಲಿ ಅಜ್ಜಿ ಬಂದಳು. ಹೂವು ನೋಡಿದಳು, ದೀಪ ನೋಡಿದಳು, ಹಿಂದುಮುಂದು ಯೋಚಿಸದೆ ಕೈಮುಗಿದಳು. "ಬುಡು ಸುಧಾಮಣಿ, ಎಲ್ಲಾ ಕಲ್ಲೂ ಶಿವನೇ. ಅಪ್ಪಾ ಗುಂಡಪ್ಪ, ನನ್ ಮಂಡಿ ನೋವು ವಾಸಿ ಆದದಾ?" ಆ ಕ್ಷಣಕ್ಕೇ ದೀಪದ ಬದಿಯ ಹೂವು ಪಟ್ಟನೆ ಬಿತ್ತು. ಅಜ್ಜಿ ಹಿತ್ತಿಲ ತುಂಬ ಕುಂಟದೆ ಒಂದು ಸುತ್ತು ಬಂದಳು. ಸುಧಾಮಣಿ ಮಂಕರಿ ಕೆಳಗಿಟ್ಟು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

ರಂಜಿನಿ ದೀಪದ ಬದಿ ಬದಲಾಯಿಸಿ ನೋಡಿದಳು, ದೊಡ್ಡ ಹೂವು ಚಿಕ್ಕ ಹೂವು ಬದಲಾಯಿಸಿ ನೋಡಿದಳು. ಪ್ರತಿಸಲವೂ ದೀಪ ಇದ್ದ ಕಡೆಯದೇ ಮೊದಲು ಬಿತ್ತು. ಸಂಜೆಯ ಹೊತ್ತಿಗೆ ಅವಳಿಗೆ ಎರಡು ವಿಷಯ ತಿಳಿದಿತ್ತು. ಒಂದು, ಗುಡಿಯಲ್ಲಿ ಏನು ಕೇಳಿದರೂ ಹೌದೆಂಬ ಉತ್ತರವೇ ಬರುತ್ತದೆ. ಎರಡು, ಆದ್ದರಿಂದ ಗೆಲ್ಲುವುದು ಪ್ರಶ್ನೆ ಕೇಳಿದವರು. ಡಿ.ಎಡ್. ಸೇರಲೇ ಎಂದು ಕೇಳಿದರೆ ಡಿ.ಎಡ್. ಬಿ.ಎಸ್ಸಿ. ಸೇರಲೇ ಎಂದು ಕೇಳಿದರೆ ಬಿ.ಎಸ್ಸಿ.

ಭಾನುವಾರ ಅಪ್ಪನ ತಟ್ಟೆಗೆ ಮುದ್ದೆ ಇಡುತ್ತ ಅವಳು ಆದಷ್ಟು ಸಾಧಾರಣವಾದ ದನಿಯಲ್ಲಿ ಹೇಳಿದಳು: "ಅಪ್ಪ, ನಾಳ ಕೇಳುವಾಗ, ಮಗಳು ಬಿ.ಎಸ್ಸಿ. ಸೇರಲಾ ಅಂತ ಕೇಳು."

"ಎಂಗ್ ಕೇಳಿದ್ರೇನಮ್ಮಿ? ಅಂಗೇ ಕೇಳನ ಬುಡು."

ಅಷ್ಟು ಸುಲಭವಾಗಿ ಒಪ್ಪಿಬಿಟ್ಟ. ರಂಜಿನಿಗೆ ಕುಣಿಯಬೇಕೆನ್ನಿಸಿತು, ಆದರೆ ಕಾಲು ಏಳಲಿಲ್ಲ. ಮುದ್ದೆ ಮುರಿದು ಸಾರಿಗೆ ಅದ್ದುತ್ತಿದ್ದ ಅಪ್ಪನ ಕೈ ನೋಡುತ್ತ ನಿಂತಳು. ಲ್ಯಾಬಿನಲ್ಲಿ ಉತ್ತರ ಮೊದಲೇ ಗೊತ್ತಿಟ್ಟುಕೊಂಡು ರೀಡಿಂಗ್ ಬರೆಯುವ ಹುಡುಗರನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಈಗ ತಾನು ಮಾಡುತ್ತಿರುವುದೇನು? ಹೇಳಿಬಿಡಲೇ ಎಂದುಕೊಂಡಳು. ಹೇಳಿದರೆ ಬಿ.ಎಸ್ಸಿ. ಹೋಯಿತು. ಹೇಳಲಿಲ್ಲ.

ಸೋಮವಾರ ಬೆಳಿಗ್ಗೆ ಎಲ್ಲರೂ ಮಿಂದು ಮಡಿಯುಟ್ಟು ಗುಡಿಗೆ ಹೋದರು. ಮಹದೇವಪ್ರಸಾದ ಇಸ್ತ್ರಿ ಮಾಡಿದ ಶರಟು ಹಾಕಿ, ಬಸ್ಸಿಗೆ ತಡವಾಗದಂತೆ ಎಲ್ಲರನ್ನೂ ಕುರಿಯಂತೆ ಅಟ್ಟುತ್ತಿದ್ದ. ಗುರುಸಿದ್ದಯ್ಯನವರು ಹೂವು ಅಂಟಿಸಿ, ಮಂಗಳಾರತಿ ಮಾಡಿ, ಪಕ್ಕಕ್ಕೆ ಸರಿದು ನಿಂತರು. "ಕೇಳ್ಕಳಿ," ಎಂದರು.

ಸಿದ್ದಮಲ್ಲಪ್ಪ ಗಂಟಲು ಸರಿಮಾಡಿಕೊಂಡ. ಅವನಿಗೆ ಗಂಟಲು ಸರಿಮಾಡಿಕೊಳ್ಳಲು ಬಹಳ ಹೊತ್ತು ಬೇಕು. ಅದು ಊರಿಗೆಲ್ಲ ಗೊತ್ತಿದ್ದದ್ದೇ. ಮಹದೇವಪ್ರಸಾದನಿಗೆ ತಡೆಯಲಾಗಲಿಲ್ಲ.

"ಬಸಪ್ಪಾ! ನಮ್ಮ ರಂಜಿನಿ ಡಿ.ಎಡ್. ಸೇರಲಾ?"

ಮುಗಿಯಿತು. ಕೇಳಿದ್ದಾಯಿತು, ಇನ್ನು ಅದನ್ನೇ ತಿರುಗಿಸಿ ಕೇಳುವಂತಿಲ್ಲ. ರಂಜಿನಿಯ ಕಣ್ಣ ಮುಂದೆ ಪ್ರೈಮರಿ ಶಾಲೆಯ ಕರಿಹಲಗೆ ಬಂತು. ಅ ಆ ಇ ಈ, ಕಾಗುಣಿತ, ಮಗ್ಗಿ, ಮತ್ತೆ ಅ ಆ ಇ ಈ. ಬಲಗಡೆಯ ಹೂವು ಬಿದ್ದೇ ಬೀಳುತ್ತದೆ, ಅವಳಿಗಿಂತ ಚೆನ್ನಾಗಿ ಅದನ್ನು ಬಲ್ಲವರು ಯಾರು?

ಬಿದ್ದೇ ಬೀಳುತ್ತದೆಯೇ? ಮನಸ್ಸಿನ ಇನ್ನೊಂದು ಮೂಲೆ ಕಿವಿ ನಿಮಿರಿಸಿತು. ಹಿತ್ತಿಲಲ್ಲಿ ಬಿದ್ದದ್ದು ನಿಜ. ಆದರೆ ಅದು ರುಬ್ಬುಗುಂಡು. ಇಲ್ಲಿ ಬಸಪ್ಪನ ಭುಜ ನುಣುಪು, ಎಣ್ಣೆ ಪಸೆ ಬೇರೆ. ಬಾಗಿಲಿನಿಂದ ಗಾಳಿ ಬರುತ್ತದೆ. ಈ ಸಲ ಎಡಗಡೆಯದೇ ಬಿದ್ದರೆ ಬಿ.ಎಸ್ಸಿ. ಸಿಗುತ್ತದೆ, ಆದರೆ ತನ್ನ ಲೆಕ್ಕ ತಪ್ಪು. ಬಲಗಡೆಯದು ಬಿದ್ದರೆ ಲೆಕ್ಕ ಸರಿ, ಬಿ.ಎಸ್ಸಿ. ಇಲ್ಲ. ಬೀಳಬೇಡ ಎಂದು ಅರ್ಧ ಮನಸ್ಸು ಬೇಡಿತು. ಬೀಳು ಎಂದು ಇನ್ನರ್ಧ. ದೀಪದ ಬದಿಯ ಹೂವಿನ ಒಂದು ಎಸಳು ಅಂಚು ಬಿಟ್ಟು ಮೇಲೆದ್ದಿತು. ಇನ್ನೊಂದು ಎಸಳೂ ಎದ್ದಿತು. ಬೇಡವೆನ್ನುತ್ತಿದ್ದ ಅರ್ಧ ಯಾವಾಗ ಬಾಯಿ ಮುಚ್ಚಿತೋ ಅವಳಿಗೇ ತಿಳಿಯಲಿಲ್ಲ. ಉಸಿರು ಬಿಗಿಹಿಡಿದು, ಮುಷ್ಟಿ ಕಟ್ಟಿ, ಬೀಳು ಬೀಳು ಬೀಳು ಎನ್ನುತ್ತಿದ್ದಳು.

ಹೂವು ಜಾರಿ ಪೀಠದ ಮೇಲೆ ಬಿತ್ತು. ಬಲಗಡೆಯದು.

"ಬಿತ್ತೂ!" ರಂಜಿನಿ ನೆಗೆದ ರಭಸಕ್ಕೆ ತಲೆ ತಾಗಿ ಗಂಟೆ ಢಣ್ಣೆಂದಿತು. "ಬಿತ್ತು ಅಪ್ಪಾ! ನಾನಂದ್ಕಂಡಂಗೇ ಬಿತ್ತು! ಬಲಗಡೆ! ನೋಡ್ದ್ರಾ?" ಅವ್ವನ ಎರಡೂ ಕೈ ಹಿಡಿದು ಗರ್ರನೆ ತಿರುಗಿದಳು.

ಗುಡಿಯಲ್ಲಿ ಹಬ್ಬವೇ ಆಗಿಹೋಯಿತು. ಅಜ್ಜಿ ಅವಳ ಬಾಯಿಗೆ ಸಕ್ಕರೆ ತುರುಕಿದಳು. ಮಹದೇವಪ್ರಸಾದನ ಕಣ್ಣಲ್ಲಿ ನೀರು ಬಂತು. "ನಾನೇಳ್ನಿಲ್ವಾ ಅಣ್ಣ? ಕೂಸಿಗ ಒಳಗೊಳಗೇ ಡಿ.ಎಡ್. ಆಸೇನೇ ಇತ್ತು. ಬಾಯಲ್ಲಿ ಹಟ ಅಷ್ಟೆ!"

ಆಗ ರಂಜಿನಿಗೆ ತಾನು ಕುಣಿಯುತ್ತಿರುವುದು ಯಾತಕ್ಕೆಂದು ನೆನಪಾಯಿತು. ಸಕ್ಕರೆ ಬಾಯಲ್ಲೇ ನಿಂತಿತು. ಅಳಬೇಕಾದ ಹೊತ್ತು ಅದು. ಅಳಲು ಬಾಯಿ ತೆರೆದರೆ ನಗು ಹೊರಬಂತು. ತಡೆದಷ್ಟೂ ಉಕ್ಕಿತು, ಸಕ್ಕರೆ ಎಲ್ಲ ಕಡೆ ಹಾರಿತು.

ಸಿದ್ದಮಲ್ಲಪ್ಪ ಮಾತ್ರ ನಗಲಿಲ್ಲ. ಮಗಳನ್ನೇ ನೋಡುತ್ತಿದ್ದ. "ಅಲ್ಲ ಕಣಮ್ಮಿ, ಸೋತದ್ದು ನೀನು. ಯಾಕಿಂಗ್ ಕುಣೀತಿದ್ದೀಯ?"

ಸುಳ್ಳು ಹೇಳಬಹುದಿತ್ತು. ಆದರೆ ಕಂಡುಹಿಡಿದದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡು ಅವಳಿಗೆ ದಿನಗಳೇ ಆಗಿದ್ದವು, ಅದೂ ಒಂದು ಹಿಂಸೆಯೇ. ಎಲ್ಲ ಹೇಳಿದಳು. ದೀಪ, ಬಿಂದಿಗೆ, ರುಬ್ಬುಗುಂಡು. ಬಿ.ಎಸ್ಸಿ. ಸೇರಲಾ ಅಂತ ಕೇಳು ಎಂದು ಅಪ್ಪನಿಗೆ ಹೇಳಿಕೊಟ್ಟದ್ದು ಯಾಕೆ ಎಂಬುದನ್ನೂ ಹೇಳಿ ತಲೆ ತಗ್ಗಿಸಿದಳು.

"ದೇವ್ರನ್ನೇ ಪರೀಕ್ಷೆ ಮಾಡ್ಬುಟ್ಯಾ!" ಎಂದ ಮಹದೇವಪ್ರಸಾದ. ಎಲ್ಲರೂ ಗುರುಸಿದ್ದಯ್ಯನವರ ಮುಖ ನೋಡಿದರು.

ಅವರು ಗಡ್ಡ ಕೆರೆದುಕೊಂಡರು. "ಬಸಪ್ಪ ಹೂ ಕೊಡ್ತಾನ, ಸರಿ," ಎಂದರು ನಿಧಾನವಾಗಿ. "ಆದ್ರ ದೀಪ ಅಲ್ಲಿಟ್ಟೋನು ನಾನು. ನಮ್ಮಪ್ಪನ ಕಾಲದಲ್ಲಿ ಇದು ನಡುಮಧ್ಯ ಸರಪಳೀಲಿ ತೂಗಾಡ್ತಿತ್ತು. ಸರಪಳಿ ಕಿತ್ತೋಯ್ತು. ಆ ಕಡೆ ಬಿಂದಿಗೆ ಅದಲ್ಲ ಅಂತ ಈ ಕಡೆ ಇಟ್ಟೆ. ಆಗ್ಲಿಂದ ಒಬ್ಬರ್ಗೂ ಬೇಡ ಅಂದಿಲ್ಲ ಸ್ವಾಮಿ. ನಮ್ಮಪ್ಪನಿಗಿಂತ ನನ್ನ ಪೂಜೆ ಜಾಸ್ತಿ ಮುಟ್ತದ ಅಂದ್ಕಂಡಿದ್ದೆ ನಾನು!"

ಸುಧಾಮಣಿ ಥಟ್ಟನೆ ತಲೆಯೆತ್ತಿದಳು. "ಅಯ್ನೋರೇ, ಸರಪಳಿ ಕಿತ್ತೋಗಿದ್ದು ಯಾವಾಗ?"

"ನಿಮ್ಮ ಮದುವೆ ಹಿಂದಲ ವರ್ಷ ಕಣವ್ವ."

"ನನ್ನ ತರ್ಬೋದಾ ಅಂತ ಇಲ್ಲೇ ತಾನೇ ಹೂ ಕೇಳಿದ್ದು?" ಅವಳು ಗಂಡನ ಕಡೆ ತಿರುಗಿದಳು. "ಅಂಗಾದ್ರ ನನ್ನ ನಿಮ್ಮನಗ ತಂದದ್ದು ಬಸಪ್ಪ ಅಲ್ಲ, ದೀಪ!"

"ದೀಪ್ದಂಥ ಹೆಣ್ಣೇ ಬಂತಲ್ಲ ಬುಡು," ಎಂದಳು ಸೋಮಮ್ಮ. "ಒಸಿ ಸುಡ್ತದ, ಅಷ್ಟೇಯ."

ಗುರುಸಿದ್ದಯ್ಯನವರೇ ಮೊದಲು ನಕ್ಕದ್ದು. ನಕ್ಕು, ದೀಪವನ್ನು ಎತ್ತಿ ಎಡಗಡೆ ಇಟ್ಟರು. ಬಿಂದಿಗೆಯನ್ನು ಬಲಗಡೆಗೆ ತಂದರು. "ನೋಡೇ ಬುಡನ. ಬೇರೆ ಏನಾರ ಕೇಳಿ." ಹೊಸ ಹೂವು ಅಂಟಿಸಿದರು.

ಸುಧಾಮಣಿ ಕೈಮುಗಿದಳು. "ಬಸಪ್ಪಾ, ನಮ್ಮ ಮೈದ್ನ ಮಹದೇವಪ್ರಸಾದನೂ ಕೆಲ್ಸ ಬುಟ್ಟು ಡಿ.ಎಡ್. ಸೇರಲಾ?"

"ಅತ್ತಿಗೇ!" ಎಂದು ಕೂಗಿದ ಅವನು. ಕೂಗಿದವನು ಹೂವಿನಿಂದ ಕಣ್ಣು ಮಾತ್ರ ಕೀಳಲಿಲ್ಲ. ಎರಡು ಹೆಜ್ಜೆ ಮುಂದೆ ಬಂದ, ಬಗ್ಗಿದ, ಬಾಯಿ ಅರ್ಧ ತೆರೆದಿತ್ತು. ಎಡಗಡೆಯ ಹೂವು ಬಿದ್ದಾಗ ಅವನ ಎದೆಯಿಂದ ಹೊರಟ ನಿಟ್ಟುಸಿರು ಗುಡಿಗೆಲ್ಲ ಕೇಳಿಸಿತು. ಆಮೇಲೆ ನಕ್ಕ ನಗುವಿಗೆ ಹೊರಗೆ ಮಲಗಿದ್ದ ನಾಯಿ ಎದ್ದು ಬೊಗಳಿತು.

ನಗು ಇಳಿದ ಮೇಲೆ ಅವನು ಶರಟು ಜಗ್ಗಿ ಸರಿಮಾಡಿಕೊಂಡ. "ಆದ್ರೂ ಕೇಳಿದ್ದು ಕೇಳಿದ್ದೇ. ಬಲಗಡೆ ಬಿದ್ದದ."

"ಅದು ನನ್ನ ದೀಪದ ಮಾತು ಕಣಪ್ಪ, ಬಸಪ್ಪಂದಲ್ಲ," ಎಂದರು ಗುರುಸಿದ್ದಯ್ಯನವರು. "ಸರಪಳಿ ಹಾಕ್ಸೋಗಂಟ ಯಾರ್ಗೂ ಹೂ ಕೇಳ್ಸದಿಲ್ಲ ನಾನು. ನಿಮ್ಮ ಕೂಸಿನ ಇಚಾರ ನೀವೇ ನೋಡ್ಕಳಿ."

ಅಷ್ಟರಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. "ನಡೀರಿ, ಬಸ್ಸು ಬುಟ್ಟೋದದು," ಎಂದಷ್ಟೇ ಹೇಳಿ ಸಿದ್ದಮಲ್ಲಪ್ಪ ಓಡಿದ. ಮಗಳು, ತಮ್ಮ ಅವನ ಹಿಂದೆ ಓಡಿದರು.

ಗುಂಡ್ಲುಪೇಟೆಯಲ್ಲಿ ಇಳಿದು ಚಾಮರಾಜನಗರದ ಬಸ್ಸು ಹತ್ತಿದರು. ಮೂವರ ಸೀಟಿನಲ್ಲಿ ರಂಜಿನಿ ಕಿಟಕಿಗೆ, ಅಪ್ಪ ನಡುವೆ, ಚಿಕ್ಕಪ್ಪ ತುದಿಗೆ. ದಾರಿಯುದ್ದಕ್ಕೂ ಚಿಕ್ಕಪ್ಪ ಅಣ್ಣನ ಕಿವಿಯಲ್ಲಿ ಹೇಳುತ್ತಲೇ ಬಂದ: ಊರು ತಲುಪುವಾಗ ಮೊದಲು ಸಿಗುವುದು ಡಿ.ಎಡ್. ಕಾಲೇಜಿನ ಸ್ಟಾಪು, ಡಿಗ್ರಿ ಕಾಲೇಜು ಅದರ ಮುಂದಿನದು. ಮೊದಲನೆಯದರಲ್ಲಿ ಇಳಿದುಬಿಟ್ಟರೆ ಜನ್ಮಕ್ಕೆ ಚಿಂತೆಯಿಲ್ಲ. ತೆರಕಣಾಂಬಿಯಲ್ಲಿ ಅರ್ಧ ಬಸ್ಸು ಇಳಿದು ಇನ್ನರ್ಧ ತುಂಬಿಕೊಂಡಿತು. ಅಲ್ಲಿಂದ ಮುಂದೆ ಸಿದ್ದಮಲ್ಲಪ್ಪ ಮಗಳ ಕಡೆ ವಾಲಿದ.

"ಬಿ.ಎಸ್ಸಿ. ಓದಿದ್ರ ಕೆಲ್ಸ ಸಿಕ್ತದಾ?"

ಸಿಕ್ಕೇ ಸಿಗುತ್ತದೆ ಎನ್ನಲು ಬಾಯಿ ತುದಿಗೆ ಬಂತು. ಆ ಒಂದು ಮಾತಿಗೆ ಅಪ್ಪ ಕಾದು ಕೂತಿದ್ದಾನೆಂದು ಅವಳಿಗೆ ಕಾಣುತ್ತಿತ್ತು.

"ಗೊತ್ತಿಲ್ಲಪ್ಪ," ಎಂದಳು. "ಸಿಕ್ಬೋದು. ಸಿಕ್ದೇನೂ ಇರ್ಬೋದು. ಚಿಕ್ಕಪ್ಪ ಹೇಳೋದು ಸುಳ್ಳಲ್ಲ."

"ಕೇಳ್ದಾ ಅಣ್ಣ? ಅವಳೇ ಒಪ್ಕಂಡ್ಳು!"

ಸಿದ್ದಮಲ್ಲಪ್ಪ ಹೆಗಲ ಮೇಲಿನ ಟವೆಲ್ಲನ್ನು ತೆಗೆದು ಮುಖ ಒರೆಸಿದ. ಕಿಟಕಿಯಾಚೆ ಯಾರದೋ ಹೊಲದಲ್ಲಿ ಸೂರ್ಯಕಾಂತಿ ಆಗತಾನೇ ಮೊಳಕೆಯೊಡೆದಿತ್ತು. ಅದನ್ನೇ ಬಹಳ ಹೊತ್ತು ನೋಡಿದ. ಏನಾದರೂ ಹೇಳಬಾರದೇ ಈ ಅಪ್ಪ ಎಂದುಕೊಂಡಳು ರಂಜಿನಿ.

ಚಾಮರಾಜನಗರ ಬಂತು. ಕಂಡಕ್ಟರು ಸೀಟಿ ಊದಿದ. "ಡಿ.ಎಡ್. ಕಾಲೇಜ್ ಇಳಿಯೋರು!"

ಮಹದೇವಪ್ರಸಾದ ಚಂಗನೆ ಎದ್ದು, ಕಂಬಿ ಹಿಡಿದು, ಜನರ ನಡುವೆ ದಾರಿ ಮಾಡಿಕೊಳ್ಳತೊಡಗಿದ. "ಜಾಗ ಬುಡಿ, ಜಾಗ ಬುಡಿ, ಹೆಣ್ಣುಡುಗಿ ಅದ. ಬಾರಮ್ಮಿ!"

ಸಿದ್ದಮಲ್ಲಪ್ಪ ಕೂತಲ್ಲಿಂದಲೇ ಕೈ ಚಾಚಿ ತಮ್ಮನ ಇಸ್ತ್ರಿ ಶರಟಿನ ಹಿಂಭಾಗವನ್ನು ಗಟ್ಟಿಯಾಗಿ ಹಿಡಿದುಕೊಂಡ.

"ಕೂತ್ಕಳ್ಲಾ ಮಾದೇವ."

"ಸ್ಟಾಪ್ ಬಂತು ಕಣಣ್ಣ!"

"ಸೋತೆ ಅಂತ ಗೊತ್ತಾದ್ರೂ ಕುಣಿಯೋ ಕೂಸ್ನ ಇಲ್ಲಿ ಇಳಿಸಿ ಮನಗೋಗಿ ನಾನೇನ್ ಮಾಡ್ಲಿ? ಕೆಲ್ಸ ಸಿಕ್ಕುದ್ರ ಸಿಕ್ತು. ಸಿಕ್ನಿಲ್ಲ ಅಂದ್ರ ಆಗ ನೋಡನ. ಕೂತ್ಕ."

ಶರಟು ಬಿಡಿಸಿಕೊಳ್ಳಲು ಮಹದೇವಪ್ರಸಾದ ಒಮ್ಮೆ ಕೊಸರಾಡಿದ. ಬಸ್ಸು ಜಗ್ಗಿತು, ಅವನು ದೊಪ್ಪನೆ ಅಣ್ಣನ ತೊಡೆಯ ಮೇಲೆ ಕೂತ. ರಂಜಿನಿಗೆ ಮತ್ತೆ ಅದೇ ನಗು ಬಂತು, ತಡೆಯಲು ಆಗದ್ದು. ಮುಂದಿನ ಸೀಟಿನವರು ತಿರುಗಿ ನೋಡಿದರು, ಡ್ರೈವರು ಕನ್ನಡಿಯಲ್ಲಿ ನೋಡಿದ. "ಏನಾಯ್ತ್ರೀ ಆ ಹುಡುಗೀಗ?" ಎಂದು ಕಂಡಕ್ಟರು ಕೇಳಿದ.

"ಏನೂ ಇಲ್ಲ ಕಣಪ್ಪ," ಎಂದ ಸಿದ್ದಮಲ್ಲಪ್ಪ, ತಮ್ಮನನ್ನು ತೊಡೆಯಿಂದ ಸೀಟಿಗೆ ಜರುಗಿಸುತ್ತ. "ಮುಂದ್ಲ ಸ್ಟಾಪ್ನಲ್ಲಿ ಒಸಿ ಜಾಸ್ತಿ ಹೊತ್ತು ನಿಲ್ಸು. ಈ ಚಿಕ್ಕಪ್ಪನ ಇಳಿಸ್ಕಬೇಕಲ್ಲ, ತಡ ಆಯ್ತದ."